ಸಹಾಯ ಬೇಕು: ‘ಪ್ರತಿ ಮೋಲ್‌ಗೆ’ ಅಂದ್ರೆ ಯಾವುದರ ಮೋಲ್?

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದವರು. ತಂಗಿ ಪಿಯುಸಿ ಎರಡನೇ ವರ್ಷ ಸೈನ್ಸ್. ನಾನು ಓದಿದ್ದು ಬಿಕಾಂ, ಆದರೂ ರಾತ್ರಿ ಊಟ ಆದಮೇಲೆ ಕೆಮಿಸ್ಟ್ರಿ ಹೇಳಿಕೊಡೋ ಕೆಲಸ ನನಗೇ ಬಿದ್ದಿದೆ.

ಹೈಡ್ರೋಜನ್ ಅಣುವಿನ ಬಂಧ ಮುರಿಯಲು ಬೇಕಾದ ಶಕ್ತಿ ಒಂದು ಪುಸ್ತಕದಲ್ಲಿ 436 ಕಿಲೋಜೌಲ್ ಪ್ರತಿ ಮೋಲ್, ಇನ್ನೊಂದರಲ್ಲಿ 104 ಕಿಲೋಕ್ಯಾಲರಿ ಪ್ರತಿ ಮೋಲ್, ಟ್ಯೂಷನ್ ನೋಟ್ಸ್‌ನಲ್ಲಿ 4.52 ಎಲೆಕ್ಟ್ರಾನ್ ವೋಲ್ಟ್. ಪ್ರಿಂಟ್ ತಪ್ಪು ಅಂದುಕೊಂಡೆ. ಆಮೇಲೆ ಕ್ಯಾಲ್ಕುಲೇಟರ್ ಹಿಡಿದು 436ನ್ನು 4.184ರಿಂದ (ಒಂದು ಕಿಲೋಕ್ಯಾಲರಿಗೆ ಇಷ್ಟು ಕಿಲೋಜೌಲ್) ಭಾಗಿಸಿದೆ, 104.2 ಬಂತು. 96.485ರಿಂದ (ಅಣುವಿಗೆ ಒಂದು ಎಲೆಕ್ಟ್ರಾನ್ ವೋಲ್ಟ್ ಅಂದ್ರೆ ಮೋಲ್‌ಗೆ ಇಷ್ಟು ಕಿಲೋಜೌಲ್) ಭಾಗಿಸಿದರೆ 4.52. ಮೂರೂ ಒಂದೇ! ಎಲೆಕ್ಟ್ರಾನ್ ವೋಲ್ಟ್ ಒಂದೇ ಅಣುವಿನ ಲೆಕ್ಕ, ಉಳಿದೆರಡು ಮೋಲ್ ಲೆಕ್ಕ. ಜೋಳಕ್ಕೆ ಕಾಳಿನ ರೇಟು ಬೇರೆ, ಚೀಲದ ರೇಟು ಬೇರೆ ಅಂತಿಟ್ಟುಕೋ ಅಂದೆ. (ಕಾಳು ಎಣಿಸಿ ಯಾರೂ ಮಾರಲ್ಲ, ಇರಲಿ.) ಮೋಲ್ ಅನ್ನೋ ಈ ಚೀಲದಲ್ಲಿ 6.022 × 10²³ ಕಾಳು, ಅಂದ್ರೆ ಅಣು, ಅಷ್ಟೇ. ತಂಗಿಗೆ ತಿಳಿಯಿತು.

ಸಿಕ್ಕಿಬಿದ್ದದ್ದು ಮುಂದೆ. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿ ಎರಡು ನೀರು: ಅಲ್ಲಿ ಶಾಖ −572 ಕಿಲೋಜೌಲ್ ಪ್ರತಿ ಮೋಲ್ ಅಂತಿದೆ (ಮೈನಸ್ ಅಂದ್ರೆ ಹೊರಬರುವ ಶಾಖ). ಸಮೀಕರಣ ಅರ್ಧ ಮಾಡಿದರೆ −286, ಅದಕ್ಕೂ ‘ಪ್ರತಿ ಮೋಲ್’! “ಅಕ್ಕಾ, ಯಾವುದರ ಮೋಲ್ ಇದು? ಆಕ್ಸಿಜನ್‌ದೋ, ನೀರಿಂದೋ?” ಅಂತ ಕೇಳಿದಳು. ಸುಮ್ನೆ ಕೂತೆ. ಸಮೀಕರಣ ಬರೆದ ಹಾಗೆ, ಅಷ್ಟೂ ಮೋಲ್ ಸೇರಿ ಒಂದು ಸಲ ನಡೆದರೆ ಅಂತ ನನ್ನ ಊಹೆ. ಸರಿನಾ? ಪರೀಕ್ಷೆಯಲ್ಲಿ ‘ಪ್ರತಿ ಮೋಲ್’ ಬಿಟ್ಟರೆ ಅಂಕ ಹೋಗುತ್ತಾ?

ಲೆಕ್ಚರರ್ ಯಾರಾದ್ರೂ ಇದ್ದರೆ ಕನ್ನಡದಲ್ಲೇ ನಾಲ್ಕು ಸಾಲು ಬರೀರಿ. ವಾಯ್ಸ್ ಮೆಸೇಜ್ ಆದರೂ ನಡೆಯುತ್ತದೆ. ಬುಧವಾರ ಟೆಸ್ಟ್ ಇದೆ.