‘ಫಿಕ್ಸೇಶನ್’: ನೆಟ್ಟ ನೋಟವೋ, ತಂಗುನೋಟವೋ?

ಮಾನ್ಯರೇ,

ಸೇನೆಯ ವಾಯುಸಂಚಾರ ನಿಯಂತ್ರಕರ ಕೌಶಲವನ್ನು ಅವರ ಕಣ್ಣಿನ ಚಲನೆಯಿಂದ ಅಳೆಯುವ ವಿಧಾನದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಈ ವಿಧಾನದ ಇಂಗ್ಲಿಷ್ ಹೆಸರಾದ ‘ಐ ಟ್ರ್ಯಾಕಿಂಗ್’ ಎಂಬುದಕ್ಕೆ ಕನ್ನಡದಲ್ಲಿ ‘ಕಣ್ಗಾವಲು’ ಎನ್ನುವಂತಿಲ್ಲ. ಅದು ಪರರ ಮೇಲೆ ಇಡುವ ಕಾವಲು. ‘ನೋಟದ ಜಾಡು ಹಿಡಿಯುವುದು’ ಎಂದು ಬರೆದು ಮುಂದೆ ಸಾಗಿದ್ದೇನೆ. ತೊಡಕಾಗಿರುವುದು ‘ಫಿಕ್ಸೇಶನ್’.

ರೇಡಾರ್ ಪರದೆಯನ್ನು ನೋಡುವಾಗ ಕಣ್ಣು ಅದರ ಮೇಲೆ ಒಂದೇ ಸಮನೆ ಹರಿಯುವುದಿಲ್ಲ. ಒಂದೆಡೆ ಸಾಮಾನ್ಯವಾಗಿ 200ರಿಂದ 300 ಮಿಲಿಸೆಕೆಂಡು ನಿಂತು, ಥಟ್ಟನೆ ಇನ್ನೊಂದೆಡೆಗೆ ನೆಗೆಯುತ್ತದೆ. ನೆಗೆತದ ನಡುವೆ ನಮಗೆ ಹೆಚ್ಚೇನೂ ಕಾಣದಿರುವುದರಿಂದ, ನಿಯಂತ್ರಕರು ಯಾವ ವಿಮಾನದ ಗುರುತನ್ನು, ಯಾವ ಎತ್ತರದ ಅಂಕಿಯನ್ನು ಗಮನಿಸಿದರೆಂಬುದನ್ನು ಊಹಿಸಲು ಈ ಪುಟ್ಟ ನಿಲುವುಗಳೇ ಆಧಾರ. ಇದು ಫಿಕ್ಸೇಶನ್‌ನ ಒಂದು ಅರ್ಥ. ನೆಗೆತವನ್ನು ಹೇಳುವ ‘ಸ್ಯಾಕೇಡ್’ ಪದವು ಕುದುರೆಯ ಲಗಾಮನ್ನು ಜಗ್ಗುವುದಕ್ಕಿದ್ದ ಫ್ರೆಂಚ್ ಮಾತಂತೆ. ಅದಕ್ಕೆ ‘ನೋಟದ ನೆಗೆತ’ ಸಾಕೆಂದು ನನ್ನ ಭಾವನೆ.

ಆದರೆ ವಿಮಾನ ಚಾಲನೆಯ ತರಬೇತಿಯಲ್ಲಿ ಅದೇ ಫಿಕ್ಸೇಶನ್ ಒಂದು ದೋಷದ ಹೆಸರು: ಉಳಿದ ಉಪಕರಣಗಳನ್ನು ಮರೆತು ಒಂದರ ಮೇಲೆಯೇ ಕಣ್ಣು ನೆಟ್ಟು ಕೂರುವುದು. ತೊಂದರೆಯಲ್ಲಿರುವ ಒಂದೇ ವಿಮಾನವನ್ನು ದಿಟ್ಟಿಸುತ್ತ, ಪರದೆಯ ಅಂಚಿನಲ್ಲಿ ಒಂದಕ್ಕೊಂದು ಹತ್ತಿರವಾಗುತ್ತಿರುವ ಎರಡು ಯುದ್ಧವಿಮಾನಗಳನ್ನು ಕಾಣದೆ ಹೋಗುವ ನಿಯಂತ್ರಕರಿಗೂ ಈ ಮಾತು ಸಲ್ಲುತ್ತದೆ. ಹೀಗೆ ಒಂದೇ ಪದ ಒಮ್ಮೆ ಅಳತೆಯ ಘಟಕ, ಮತ್ತೊಮ್ಮೆ ತಪ್ಪು. ‘ಫಿಕ್ಸೇಶನ್ ಹೆಚ್ಚಿತು’ ಎಂಬ ವಾಕ್ಯದಲ್ಲಿ ನಿಲುವುಗಳ ಸಂಖ್ಯೆ ಹೆಚ್ಚಿತೋ, ಒಂದೆಡೆ ಸಿಲುಕಿಕೊಳ್ಳುವ ದೋಷ ಹೆಚ್ಚಿತೋ ತಿಳಿಯುವುದಿಲ್ಲ.

ಎರಡಕ್ಕೂ ‘ಸ್ಥಿರದೃಷ್ಟಿ’ ಎಂದುಬಿಟ್ಟರೆ ಇಂಗ್ಲಿಷಿನ ಗೊಂದಲವನ್ನು ಸಂಸ್ಕೃತದ ಉಡುಪಿನಲ್ಲಿ ಉಳಿಸಿಕೊಂಡಂತೆಯೇ ಸರಿ. ‘ನೆಟ್ಟ ನೋಟ’ದಲ್ಲಿ ಎವೆಯಿಕ್ಕದೆ ಬಹುಹೊತ್ತು ನೋಡುವ ಭಾವವಿರುವುದರಿಂದ ಅದು ದೋಷಕ್ಕೆ ಚೆನ್ನಾಗಿ ಒಪ್ಪುತ್ತದೆ, ಕಾಲು ಸೆಕೆಂಡಿನ ನಿಲುವಿಗೆ ಒಪ್ಪದು. ನಿಲುವಿಗೆ ‘ತಂಗುನೋಟ’ ಎನ್ನಬಹುದೇ? ‘ತಂಗು’ ಎಂಬಲ್ಲಿ ಮುಂದೆ ಹೊರಡಲಿರುವ ಸೂಚನೆಯಿದೆ. ‘ನೋಟ ಇಲ್ಲಿ ತಂಗಿತು’ ಎಂದು ಕ್ರಿಯಾಪದವಾಗಿಯೂ ಬಳಸಬಹುದು. ಆದರೆ ತಂಗುವುದೆಂದರೆ ರಾತ್ರಿ ಕಳೆಯುವುದೆಂಬ ರೂಢಿ ಬಲವಾಗಿರುವುದರಿಂದ ಓದುಗರಿಗೆ ಅದೂ ದೀರ್ಘವೆನಿಸೀತೆಂಬ ಅಳುಕಿದೆ. ‘ನೋಟದ ನಿಲುಗಡೆ’ಯನ್ನೂ ಯೋಚಿಸಿದೆ, ಅಲ್ಲಿ ನೋಡುವುದೇ ನಿಂತುಹೋಯಿತೆಂಬ ಅಪಾರ್ಥಕ್ಕೆ ಎಡೆಯಿದೆ.

ಕ್ಷಣಮಾತ್ರದ ನಿಲುವನ್ನು ಹೇಳುವ, ಬಹುವಚನಕ್ಕೂ ಎಣಿಕೆಗೂ ಒಗ್ಗುವ ಬೇರೆ ಪದ ಬಲ್ಲವರು ಬಳಕೆಯ ವಾಕ್ಯದೊಡನೆ ತಿಳಿಸಬೇಕಾಗಿ ವಿನಂತಿ.