‘ಕಂಜಂಕ್ಷನ್’ಗೆ ಯುತಿ ಅನ್ನಬಹುದೇ?

ಗೆಳೆಯರೇ,

ಒಂದು ಪದಕ್ಕಾಗಿ ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ಉಪಗ್ರಹಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಹೇಗೆ ಕಾಯುತ್ತಾರೆ ಅಂತ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಅದರಲ್ಲಿ ಸಾಲಿಗೊಮ್ಮೆ ‘ಕಂಜಂಕ್ಷನ್’ ಬರುತ್ತದೆ. ಸುತ್ತುತ್ತಿರುವ ಎರಡು ವಸ್ತುಗಳು ಒಂದೇ ಹೊತ್ತಿಗೆ ಒಂದರ ಹತ್ತಿರ ಇನ್ನೊಂದು ಹಾದುಹೋಗುವುದಕ್ಕೆ ಈ ಮಾತು. ಡಿಕ್ಕಿಯಲ್ಲ, ಡಿಕ್ಕಿಯ ಭಯ ಹುಟ್ಟಿಸುವಷ್ಟು ಹತ್ತಿರ.

ನಿಘಂಟಿನಲ್ಲಿ ಯುತಿ, ಸಂಯೋಗ ಅಂತ ಸಿಗುತ್ತವೆ. ಮಕ್ಕಳ ಬರಹದಲ್ಲಿ ಸಂಯೋಗ ಹಾಕುವ ಧೈರ್ಯ ನನಗಿಲ್ಲ. ಯುತಿ ಅಂತ ಬರೆದು ಅಮ್ಮನಿಗೆ ಓದಿದೆ. “ಯುತಿ ಅಂದ್ರೆ ಎರಡು ಗ್ರಹ ಒಂದೇ ಮನೇಲಿ ಕೂರೋದು ಅಲ್ವೇನೋ? ಅದಕ್ಯಾಕೆ ಇವ್ರಿಗೆ ಇಷ್ಟು ಗಾಬರಿ?” ಅಂದರು.

ಅಮ್ಮ ಹೇಳಿದ್ದು ಸರಿ. 2020ರ ಡಿಸೆಂಬರ್ 21ರ ಸಂಜೆಯ ಗುರು-ಶನಿ ಯುತಿ ನೆನಪಿದೆಯಲ್ವಾ? ಎರಡೂ ಅಂಟಿಕೊಂಡಂತೆ ಕಂಡವು. ಆದರೆ ನಡುವೆ 70 ಕೋಟಿ ಕಿ.ಮೀ.ಗೂ ಜಾಸ್ತಿ ದೂರವಿತ್ತು. ಯುತಿ ಅನ್ನುವುದು ಇಲ್ಲಿ ನಿಂತು ನೋಡುವವರ ಕಣ್ಣಿಗೆ ಬಿಟ್ಟ ಮಾತು. ಉಪಗ್ರಹಗಳು ಯಾರು ನೋಡಲಿ ಬಿಡಲಿ, ನಿಜವಾಗಿಯೇ ಹತ್ತಿರ ಬರುತ್ತವೆ.

ನಾನು ಬರೆಯುತ್ತಿರುವ ಘಟನೆಯನ್ನೇ ನೋಡಿ. ಚಂದ್ರಯಾನ-2ರ ಆರ್ಬಿಟರ್ ಮತ್ತು ನಾಸಾದ ಎಲ್‌ಆರ್‌ಒ, ಈ ಎರಡು ನೌಕೆಗಳೂ ಚಂದ್ರನ ಧ್ರುವಗಳ ಮೇಲಿಂದ ಸುತ್ತುತ್ತವೆ. ಹಾಗಾಗಿ ಧ್ರುವಗಳ ಬಳಿ ಎದುರಾಗುವುದು ಜಾಸ್ತಿ. 2021ರ ಅಕ್ಟೋಬರ್ 20ರಂದು ಉತ್ತರ ಧ್ರುವದ ಬಳಿ ಸುಮಾರು 3 ಕಿ.ಮೀ. ಅಂತರಕ್ಕೆ ಬರಲಿವೆ, ಎತ್ತರದ ವ್ಯತ್ಯಾಸ 100 ಮೀಟರಿಗೂ ಕಡಿಮೆ ಅಂತ ಲೆಕ್ಕ ಹೇಳಿತು. ಇಸ್ರೊ 18ರ ರಾತ್ರಿಯೇ ಆರ್ಬಿಟರಿನ ದಾರಿ ತುಸು ಬದಲಿಸಿತು. ಇಲ್ಲಿ ‘ಯುತಿಯನ್ನು ತಪ್ಪಿಸಿದರು’ ಅಂತ ಬರೆದರೆ ಗ್ರಹಶಾಂತಿ ಮಾಡಿಸಿದ ಹಾಗೆ ಕೇಳುತ್ತೆ!

‘ಕೂದಲೆಳೆ ಅಂತರ’ ಪತ್ರಿಕೆಗಳಿಗೆ ಇಷ್ಟ. ಆದರೆ ಅದು ಪಾರಾದ ಮೇಲೆ ಹೇಳುವ ಮಾತು. ನನಗೆ ಬೇಕಿರುವುದು ಮೊದಲೇ ಎಚ್ಚರಿಸುವ ಪದ. 2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ ಇರಿಡಿಯಂ-33 ಮತ್ತು ಕೆಲಸ ನಿಲ್ಲಿಸಿದ್ದ ಕಾಸ್ಮೋಸ್-2251 ಅನ್ನುವ ಎರಡು ಉಪಗ್ರಹಗಳು ಬಡಿದುಕೊಂಡು ಚೂರಾದವು. ಅವತ್ತು ಎರಡರಲ್ಲಿ ಒಂದೂ ಪಾರಾಗಲಿಲ್ಲ. ಆದರೂ ಡಿಕ್ಕಿಗೆ ಮುಂಚಿನ ಆ ಸ್ಥಿತಿಗೆ ಒಂದು ಹೆಸರು ಬೇಕಲ್ಲ.

ಸದ್ಯಕ್ಕೆ ‘ಅಡ್ಡಹಾಯ್ವು’ ಅಂತ ಬರೆದುಕೊಂಡಿದ್ದೇನೆ. ಬೆಕ್ಕು ಅಡ್ಡ ಹಾಯುತ್ತೆ, ಕಾಲಿಗೆ ತಾಗೋದಿಲ್ಲ, ಆದರೂ ನಾವು ಒಂದು ಗಳಿಗೆ ನಿಲ್ಲುತ್ತೇವೆ. ಅಪಶಕುನದ ವಾಸನೆ ಇದೆ, ಒಪ್ಪುತ್ತೇನೆ. ‘ನಿಕಟ ಹಾಯಿಕೆ’ ತಪ್ಪಿಲ್ಲ, ಆದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತೆ.

ಅಂದ ಹಾಗೆ, ಕಕ್ಷೆಯಲ್ಲಿನ ಕಸಕ್ಕೆ ‘ಅವಶೇಷ’ ಅನ್ನುವುದನ್ನು ಬಿಟ್ಟೆ. ಓದಿದ ಕೂಡಲೇ ಹಂಪಿ ಕಣ್ಣೆದುರು ಬರುತ್ತೆ. ಚೂರು ಅಂದರೂ ಸಾಲದು, ಇಡೀ ಸತ್ತ ಉಪಗ್ರಹವೂ ಅದರಲ್ಲಿ ಸೇರಬೇಕು. ಸುಮ್ನೆ ‘ಕಸ’ ಅಂತಲೇ ಇಟ್ಟಿದ್ದೇನೆ.

ನಮ್ಮ ಘಟ್ಟದ ರಸ್ತೆಯಲ್ಲಿ ಎದುರಿನ ಬಸ್ಸು ತೀರಾ ಪಕ್ಕಕ್ಕೆ ಹೋದರೆ ‘ಸವರ್ಕೊಂಡು ಹೋಯ್ತು’ ಅಂತೀವಿ. ನಿಮ್ಮ ಕಡೆ ಏನಂತೀರಿ?