ಹಳೆ ಕಾರಿಗೆ ಇ20 ಪೆಟ್ರೋಲ್ ಹಾಕಿಸಬಹುದಾ?

ರಘು, ಮೈಸೂರು:
ನಮ್ಮದು 2008ರ ಪೆಟ್ರೋಲ್ ಕಾರು. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದದ್ದು ಈಗ 14 ದಾಟುತ್ತಿಲ್ಲ. ಬಂಕಿನಲ್ಲಿ ಕೇಳಿದರೆ ಈಗ ಬರುವುದೆಲ್ಲ ಶೇ 20 ಎಥೆನಾಲ್ ಬೆರೆಸಿದ ಇ20 ಅಂದರು. ಮೈಲೇಜ್ ಹೋಗಲಿ, ಎಂಜಿನ್ ಹಾಳಾಗುತ್ತಾ?

ಸುಮಾ:
ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ಮೈಲೇಜ್ ಇಳಿಯಲೇಬೇಕು. ಹಳೆ ಕಾರುಗಳಲ್ಲಿ ಶೇ 6–7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಇ20ಗೆ ತಕ್ಕ ಬಿಡಿಭಾಗ ಹಾಕಿದ ಕಾರುಗಳು ಬಂದದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಮೊದಲು ಕೊಂಡವರ ಪಾಡೇನು?

ಶಿವಣ್ಣ, ಮಂಡ್ಯ:
ಸುಮ್ನೆ ಹೆದರಿಸಬೇಡಿ ಮೇಡಂ. ಬ್ರೆಜಿಲ್‌ನಲ್ಲಿ ಇದಕ್ಕಿಂತ ಜಾಸ್ತಿ ಬೆರೆಸುತ್ತಾರೆ. ಸಕ್ಕರೆ ರೇಟು ಬಿದ್ದಾಗ ಕಬ್ಬಿನ ಬಾಕಿಗಾಗಿ ಕಾರ್ಖಾನೆ ಗೇಟಿನ ಮುಂದೆ ಕೂತವರು ನಾವು. ಕಬ್ಬಿನಿಂದ ತೆಗೆದ ಎಥೆನಾಲ್ ಮಾರಿದ ದುಡ್ಡು ಕಾರ್ಖಾನೆಗೆ ಬೇಗ ಬರುತ್ತೆ, ನಮ್ಮ ಬಿಲ್ಲೂ ಬೇಗ ಆಗುತ್ತೆ. ಕಚ್ಚಾ ತೈಲಕ್ಕೆ ಹೊರದೇಶಕ್ಕೆ ಕೊಡುವ ಹಣ ಇಲ್ಲೇ ಉಳಿದರೆ ತಪ್ಪೇನು?

ಸುಮಾ:
ಶಿವಣ್ಣನವರೇ, ಕಬ್ಬಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬ್ರೆಜಿಲ್‌ನಲ್ಲಿ 2003ರಿಂದಲೇ ಎಷ್ಟು ಎಥೆನಾಲ್ ಇದ್ದರೂ ಓಡುವ ಫ್ಲೆಕ್ಸ್ ಕಾರುಗಳಿವೆ. ನಮ್ಮಲ್ಲಿ ಇಂಧನ ಮೊದಲು ಬದಲಾಯಿತು. ಮೈಲೇಜ್ ಇಳಿಯಿತು, ರೇಟು ಇಳಿಯಲಿಲ್ಲ.

ಇಸ್ಮಾಯಿಲ್, ದಾವಣಗೆರೆ:
ನಾನು ಮೆಕ್ಯಾನಿಕ್. ರಘು ಸರ್, ಎಂಜಿನ್ ಏಕಾಏಕಿ ಸೀಜ್ ಆಗುವುದಿಲ್ಲ, ಆ ಭಯ ಬಿಡಿ. ತೊಂದರೆ ಬರುವುದು ರಬ್ಬರಿಗೆ. ಹಳೆ ಪೆಟ್ರೋಲ್ ಹೋಸ್ ಬಿಚ್ಚಿ ಬೆರಳಲ್ಲಿ ಒತ್ತಿದರೆ ಉಬ್ಬಿ ಮೆತ್ತಗಾಗಿರುತ್ತೆ, ಕ್ಲಿಪ್ ಹತ್ತಿರ ಬಗ್ಗಿಸಿದರೆ ಬಿರುಕು ಕಾಣುತ್ತೆ. ಅಲ್ಲಿಂದ ಪೆಟ್ರೋಲ್ ಜಿನುಗಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಇನ್ನೊಂದು, ಎಥೆನಾಲ್ ಟ್ಯಾಂಕಿನ ಹಳೆ ಕೊಳೆಯನ್ನೆಲ್ಲ ಎಬ್ಬಿಸುತ್ತೆ. ಅದು ಬಂದು ಫಿಲ್ಟರ್‌ನಲ್ಲಿ ಕೂರುತ್ತೆ. ಹಾಗಾಗಿ ಫಿಲ್ಟರ್ ಬದಲಿಸಿ.

ನಿಮ್ಮದು ಇಂಜೆಕ್ಷನ್ ಗಾಡಿ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲನ್ನು ಸ್ವಲ್ಪ ಜಾಸ್ತಿ ಬಿಡುತ್ತೆ. ಕಾರ್ಬುರೇಟರ್ ಗಾಡಿಗೆ ಆ ಬುದ್ಧಿ ಇಲ್ಲ. ಅದರಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ ಬದಲಿಸದಿದ್ದರೆ ಮಿಶ್ರಣ ಲೀನ್ ಆಗಿ, ಅಂದರೆ ಗಾಳಿ ಜಾಸ್ತಿ, ಇಂಧನ ಕಡಿಮೆಯಾಗಿ, ಎಂಜಿನ್ ಬಿಸಿಯಾಗುತ್ತೆ.

ಪ್ರಸಾದ, ತೀರ್ಥಹಳ್ಳಿ:
ನಮ್ಮ ಕಡೆ ಮಳೆಗಾಲದಲ್ಲಿ ಕಾರು ವಾರಗಟ್ಟಲೆ ಶೆಡ್ಡಿನಲ್ಲೇ ನಿಂತಿರುತ್ತೆ. ಅದಕ್ಕೇನು ಮಾಡುವುದು ಇಸ್ಮಾಯಿಲ್ ಭಾಯ್?

ಇಸ್ಮಾಯಿಲ್, ದಾವಣಗೆರೆ:
ಎಥೆನಾಲ್ ಗಾಳಿಯ ತೇವ ಹೀರುತ್ತೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ ಅಲ್ವಾ? ಟ್ಯಾಂಕ್ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಕಡಿಮೆ ಇರಲಿ. ಆಗಾಗ ಓಡಿಸಿ.

ಸುಮಾ:
ಕೆಲವು ಹಳೆ ವಾಹನಗಳಲ್ಲಿ 20–30 ಸಾವಿರ ಕಿ.ಮೀ. ನಂತರ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಹಾಗಿದ್ದರೆ ಹಳೆ ಗಾಡಿಯವರಿಗೆ ಬಂಕಿನಲ್ಲಿ ಶೇ 10 ಎಥೆನಾಲ್‌ನ ಒಂದು ಇ10 ಪಂಪ್ ಇಡಲಿ. ಎಥೆನಾಲ್ ಇಲ್ಲದ ಪೆಟ್ರೋಲ್ ಕೂಡ ಸಿಗಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಆದರೂ ಕೇಳುವುದನ್ನು ಬಿಡಬಾರದು.

ಶಿವಣ್ಣ, ಮಂಡ್ಯ:
ಇ10 ಪಂಪ್ ಇಡಲಿ, ಅದಕ್ಕೆ ನನ್ನ ತಕರಾರಿಲ್ಲ. ಇ10ನಲ್ಲೂ ನಮ್ಮ ಕಬ್ಬು ಇದ್ದೇ ಇರುತ್ತೆ.

ರಘು, ಮೈಸೂರು:
ಹೋಸ್, ಫಿಲ್ಟರ್ ಎರಡನ್ನೂ ಈ ಶನಿವಾರವೇ ಬದಲಿಸಲು ಕೊಡುತ್ತೇನೆ. ಹಳೆ ಹೋಸಿನ ಫೋಟೊ ಇಲ್ಲಿ ಹಾಕುತ್ತೇನೆ, ಇಸ್ಮಾಯಿಲ್ ಅವರು ನೋಡಿ ಹೇಳಿ.